ಪೇಪರಿನ ಬೆಲೆ, ಪೇಪರಿನ ಪುಟ, ಪೇಪರಿನ ಮಾಲೀಕ

ಇಷ್ಟು ಪುಟದ ಪೇಪರ್ ಕೊಟ್ಟರೆ ಇಷ್ಟು ಬೆಲೆ ಇಡಲೇಬೇಕು, ಅದಕ್ಕಿಂತ ಅಗ್ಗಕ್ಕೆ ಮಾರುವ ಹಾಗಿಲ್ಲ ಅಂತ ನಮ್ಮ ದೇಶದಲ್ಲಿ ಒಂದು ಕಾಯ್ದೆ ಇತ್ತು. ಅಕ್ಕಿಗೋ ಸಕ್ಕರೆಗೋ ಗರಿಷ್ಠ ಬೆಲೆ ಕಟ್ಟುವುದು ಗೊತ್ತು. ಆದರೆ ಅಗ್ಗವಾಗಿ ಮಾರಬೇಡಿ ಅಂತ ಸರ್ಕಾರ ಹೇಳುವುದು ವಿಚಿತ್ರ ಅಲ್ಲವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಯಾಕೆ ಹಾಗೆ ಮಾಡಿದರು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಕುಟುಂಬದ ಕಥೆ, ಎರಡು ಸುಪ್ರೀಂ ಕೋರ್ಟ್ ತೀರ್ಪು, ಮತ್ತು ನಮ್ಮ ಹುಬ್ಬಳ್ಳಿಯ ಲಾರಿಗಳು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದಿಟ್ಟುಕೊಂಡು ಓದಿ :-)

ಟೈಮ್ಸ್ ಆಫ್ ಇಂಡಿಯಾ ಶುರುವಾಗಿದ್ದು 1838ರ ನವೆಂಬರ್ 3ಕ್ಕೆ, 'ಬಾಂಬೆ ಟೈಮ್ಸ್' ಅನ್ನೋ ಹೆಸರಲ್ಲಿ. ಈಗಿನ ಹೆಸರು ಬಂದಿದ್ದು 1861ರಲ್ಲಿ. ಬೆನೆಟ್ ಮತ್ತು ಕೋಲ್ಮನ್ ಅನ್ನೋ ಇಬ್ಬರು ಇಂಗ್ಲಿಷರು ಸೇರಿ 1892ರಲ್ಲಿ ಅದನ್ನು ಕಂಪನಿ ಮಾಡಿದರು. ಅವರಿಬ್ಬರೂ ಹೋಗಿ ಎಷ್ಟೋ ಕಾಲ ಆಯಿತು, ಹೆಸರು ಮಾತ್ರ ಬೆನೆಟ್ ಕೋಲ್ಮನ್ ಅಂತ ಹಾಗೇ ಉಳಿದಿದೆ. ಸ್ವಾತಂತ್ರ್ಯ ಬರುತ್ತೆ ಅನ್ನೋದು ಖಚಿತವಾದಾಗ ಬ್ರಿಟಿಷ್ ಮಾಲೀಕರು ಗಂಟುಮೂಟೆ ಕಟ್ಟಲು ಶುರು ಮಾಡಿದರಲ್ಲ, ಆಗ, 1946ರಲ್ಲಿ, ಇದನ್ನು ಸುಮಾರು ಎರಡು ಕೋಟಿ ರೂಪಾಯಿಗೆ ಕೊಂಡವರು ರಾಮಕೃಷ್ಣ ದಾಲ್ಮಿಯಾ. ಸಕ್ಕರೆ, ಸಿಮೆಂಟು, ವಿಮೆ, ಬ್ಯಾಂಕು, ಅವರು ಕೈ ಹಾಕದ ವ್ಯವಹಾರವೇ ಇರಲಿಲ್ಲ.

ಆ ಎರಡು ಕೋಟಿ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಒಂಬತ್ತು ವರ್ಷ ಆದಮೇಲೆ ಲೋಕಸಭೆಯಲ್ಲಿ ಎತ್ತಿದವರು ಫಿರೋಜ್ ಗಾಂಧಿ, ನೆಹರೂ ಅವರ ಅಳಿಯ, ಸ್ವತಃ ಆಡಳಿತ ಪಕ್ಷದವರೇ. 1955ರ ಡಿಸೆಂಬರಿನ ಅವರ ಭಾಷಣದ ಸಾರ ಇಷ್ಟು: ದಾಲ್ಮಿಯಾ ತಾವೇ ಅಧ್ಯಕ್ಷರಾಗಿದ್ದ ಬ್ಯಾಂಕು ಮತ್ತು ವಿಮಾ ಕಂಪನಿಗಳ ದುಡ್ಡನ್ನು, ಅಂದರೆ ಠೇವಣಿ ಇಟ್ಟವರ ಮತ್ತು ಪಾಲಿಸಿ ಮಾಡಿಸಿದವರ ದುಡ್ಡನ್ನು, ತಮ್ಮ ಬೇರೆ ವ್ಯವಹಾರಗಳಿಗೆ ತಿರುಗಿಸಿದರು, ಪೇಪರ್ ಕೊಂಡಿದ್ದೂ ಹಾಗೇ. ಮರುವರ್ಷ ಜೀವವಿಮೆ ರಾಷ್ಟ್ರೀಕರಣ ಆಗಿ ಎಲ್‌ಐಸಿ ಹುಟ್ಟಿತಲ್ಲ, ಅದಕ್ಕಿದ್ದ ಕಾರಣಗಳಲ್ಲಿ ಈ ಭಾಷಣವೂ ಒಂದು. ದಾಲ್ಮಿಯಾ ಮೇಲೆ ಭಾರತ್ ಇನ್ಶೂರೆನ್ಸ್ ಕಂಪನಿಯ ಹಣ ದುರ್ಬಳಕೆಯ ಮೊಕದ್ದಮೆ ನಡೆದು, ಕೊನೆಗೆ 1962ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಎರಡು ವರ್ಷದ ಜೈಲು ಶಿಕ್ಷೆ ಉಳಿಯಿತು. ಅವರ ಕಂಪನಿಗಳ ಒಳಗುಟ್ಟು ನೋಡಲು ನೇಮಿಸಿದ್ದ ವಿವಿಯನ್ ಬೋಸ್ ಆಯೋಗದ ವರದಿ ಬಂದಿದ್ದೂ ಅದೇ ವರ್ಷ.

ಆ ಹೊತ್ತಿಗೆ ಪೇಪರು ಅಳಿಯ ಸಾಹು ಶಾಂತಿಪ್ರಸಾದ್ ಜೈನರ ಕೈಗೆ ಬಂದಿತ್ತು. ಈ ಹೆಸರು ಕನ್ನಡದವರಾದ ನಮಗೆ ಗೊತ್ತಿರಬೇಕು. ಭಾರತೀಯ ಜ್ಞಾನಪೀಠ ಕಟ್ಟಿದ್ದು ಇದೇ ಶಾಂತಿಪ್ರಸಾದ್ ಜೈನ್ ಮತ್ತು ಅವರ ಪತ್ನಿ, ದಾಲ್ಮಿಯಾ ಮಗಳು ರಮಾ ಜೈನ್. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ ಅಂತ ನಾವು ಎಂಟು ಬೆರಳು ಮಡಚಿ ಎಣಿಸುತ್ತೀವಲ್ಲ, ಆ ಪ್ರಶಸ್ತಿ ಈ ಮನೆಯದು. ಇದನ್ನು ಕೊಂಕಿಗೆ ಹೇಳುತ್ತಿಲ್ಲ. ಆ ಕಾಲದ ಸಾಹುಕಾರರಿಗೆ ಸಾಹಿತ್ಯದ ಬಗ್ಗೆ ನಿಜವಾದ ಗೌರವ ಇತ್ತು. ಆದರೆ ಪೇಪರ್ ಯಾರದ್ದು ಅಂತ ಕೇಳುವಾಗ ಇದನ್ನೂ ಗೊತ್ತು ಮಾಡಿಕೊಂಡಿರಬೇಕು, ಅಷ್ಟೆ.

ಇರಲಿ, ಕಾಯ್ದೆಗೆ ಬರೋಣ.

ಇದೊಂದೇ ಪೇಪರಿನ ಕಥೆ ಹೀಗಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೋ ಏನೋ. ಹಿಂದೂಸ್ತಾನ್ ಟೈಮ್ಸ್ ಬಿರ್ಲಾಗಳದ್ದು, ಇಂಡಿಯನ್ ಎಕ್ಸ್‌ಪ್ರೆಸ್ ಗೋಯೆಂಕಾ ಅವರದ್ದು. ದೊಡ್ಡ ಪೇಪರುಗಳೆಲ್ಲ ಗಿರಣಿ ಮಾಲೀಕರ ಕೈಲಿದ್ದವು. 'ಜೂಟ್ ಪ್ರೆಸ್' ಅಂತ, ಅಂದರೆ ಸೆಣಬಿನ ಸಾಹುಕಾರರ ಪತ್ರಿಕೆಗಳು ಅಂತ, ಅಡ್ಡಹೆಸರೇ ಬಿದ್ದಿತ್ತು. 1952ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷ ಅವರ ನೇತೃತ್ವದಲ್ಲಿ ಮೊದಲನೇ ಪತ್ರಿಕಾ ಆಯೋಗ ಕೂತಿತು. ಅದರ ಸದಸ್ಯರಲ್ಲಿ ಒಬ್ಬರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್, ಮುಂದೆ ಬೆಂಗಳೂರಿನಲ್ಲಿ ಐಸೆಕ್ ಕಟ್ಟಿದವರು. 1954ರ ಆಯೋಗದ ವರದಿಯಲ್ಲಿ ಒಂದು ಲೆಕ್ಕ ಇದೆ. ಐದು ಜನ ಮಾಲೀಕರ ಕೈಯಲ್ಲಿ 29 ದಿನಪತ್ರಿಕೆ, ದೇಶದ ಒಟ್ಟು ಪ್ರಸಾರದ ಶೇಕಡ 31.2. ಹದಿನೈದು ಮಾಲೀಕರನ್ನು ಲೆಕ್ಕಕ್ಕೆ ತಗೊಂಡರೆ 54 ಪತ್ರಿಕೆ, ಶೇಕಡ 50.1. ಅಂದರೆ ಒಂದು ಕಲ್ಯಾಣಮಂಟಪದ ಒಂದು ಪಂಕ್ತಿಗೂ ಸಾಲದಷ್ಟು ಜನ ಅರ್ಧ ದೇಶದ ಪೇಪರಿಗೆ ಯಜಮಾನರು!

ದೊಡ್ಡವರು ದೊಡ್ಡವರಾಗೇ ಉಳಿಯುವುದು ಹೇಗೆ ಅಂತಲೂ ಆಯೋಗ ನೋಡಿತು. ಜಾಹೀರಾತು ಸಿಗೋ ಪೇಪರು ಅದೇ ಬೆಲೆಗೆ ಹೆಚ್ಚು ಪುಟ ಕೊಡುತ್ತೆ. ಓದುಗ ಅದನ್ನೇ ಕೊಳ್ಳುತ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ. ಪ್ರಸಾರ ಏರುತ್ತೆ, ಜಾಹೀರಾತು ಇನ್ನೂ ಹೆಚ್ಚುತ್ತೆ, ಪುಟ ಇನ್ನೂ ಹೆಚ್ಚುತ್ತೆ. ಪಕ್ಕದ ಊರಿನ ಎಂಟು ಪುಟದ ಪೇಪರು ಉಸಿರು ಕಟ್ಟಿ ಸಾಯುತ್ತೆ. ಇದಕ್ಕೆ ಆಯೋಗ ಕಂಡ ಮದ್ದೇ ಪುಟಕ್ಕೂ ಬೆಲೆಗೂ ಗಂಟು ಹಾಕುವುದು. 1956ರಲ್ಲಿ ಬೆಲೆ ಮತ್ತು ಪುಟದ ಕಾಯ್ದೆ ಬಂತು, 1960ರಲ್ಲಿ ಅದರ ಕೆಳಗೆ ಆದೇಶ ಹೊರಟಿತು.

ಈಗ ತಮಾಷೆ ನೋಡಿ. ಸಣ್ಣ ಪೇಪರುಗಳನ್ನು ಉಳಿಸೋಕೆ ಮಾಡಿದ ಈ ಕಾನೂನನ್ನು ಕೋರ್ಟಿನಲ್ಲಿ ಹೊಡೆದುಹಾಕಿದ್ದು ಟೈಮ್ಸೂ ಅಲ್ಲ, ಎಕ್ಸ್‌ಪ್ರೆಸ್ಸೂ ಅಲ್ಲ. ಪುಣೆಯ ಮರಾಠಿ ಪೇಪರು 'ಸಕಾಳ್'. ನಾನಾಸಾಹೇಬ್ ಪರುಳೇಕರ್ 1932ರಲ್ಲಿ ಶುರು ಮಾಡಿದ್ದು. ವಾರದ ದಿನಗಳಲ್ಲಿ 52 ಸಾವಿರ ಪ್ರತಿ ಹೋಗುತ್ತಿತ್ತಂತೆ, ಮಹಾರಾಷ್ಟ್ರದಲ್ಲೂ ನಮ್ಮ ಕರ್ನಾಟಕದ ಭಾಗದಲ್ಲೂ. ಬೆಲೆ 7 ನಯಾಪೈಸೆ, ವಾರದ ಆರು ದಿನಕ್ಕೆ ಒಟ್ಟು 34 ಪುಟ. ಹೊಸ ಆದೇಶದ ಪ್ರಕಾರ ಆ ಬೆಲೆಗೆ ಕೊಡಬಹುದಾಗಿದ್ದು 24 ಪುಟ ಮಾತ್ರ. 34 ಪುಟ ಬೇಕಿದ್ದರೆ ಬೆಲೆಯನ್ನು 8 ನಯಾಪೈಸೆಗೆ ಏರಿಸಬೇಕು. ಒಂದು ನಯಾಪೈಸೆ ತಾನೇ ಅನ್ನಬೇಡಿ. ಬೆಲೆ ಏರಿಸಿದರೆ ಓದುಗರು ಹೋಗುತ್ತಾರೆ, ಪುಟ ಇಳಿಸಿದರೆ ಸುದ್ದಿ ಹೋಗುತ್ತೆ ಅಂತ ಸಕಾಳ್ ವಾದ. 1961ರಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಿತು. ಎಷ್ಟು ಜನಕ್ಕೆ ತಲುಪಬೇಕು, ಎಷ್ಟು ಹೇಳಬೇಕು ಅನ್ನೋದೂ ವಾಕ್‌ಸ್ವಾತಂತ್ರ್ಯದೊಳಗೇ ಬರುತ್ತೆ. ಒಬ್ಬರ ಸ್ವಾತಂತ್ರ್ಯ ಬೆಳೆಯಲಿ ಅಂತ ಇನ್ನೊಬ್ಬರದ್ದನ್ನು ಕತ್ತರಿಸುವ ಹಾಗಿಲ್ಲ ಅಂತ ತೀರ್ಪು. ಕಾಯ್ದೆ ಬಿದ್ದುಹೋಯಿತು.

ನನ್ನ ಕೇಳಿದರೆ ಆ ತೀರ್ಪು ಸರಿ. ಪೇಪರಿನ ಪುಟ ಎಣಿಸುವ ಅಧಿಕಾರ ಸರ್ಕಾರದ ಕೈಗೆ ಕೊಟ್ಟರೆ ನಾಳೆ ಅದು ಯಾವ ಪೇಪರಿನ ಪುಟ ಎಣಿಸುತ್ತೆ ಅಂತ ಹೇಳೋಕಾಗಲ್ಲ. (ಅಂದ ಹಾಗೆ, ಪರುಳೇಕರ್ ತೀರಿಹೋದ ಮೇಲೆ 'ಸಕಾಳ್' 1985ರಲ್ಲಿ ಪವಾರ್ ಕುಟುಂಬದ ಕೈಗೆ ಹೋಯಿತು. ಹೌದು, ಶರದ್ ಪವಾರ್ ಅವರ ಮನೆತನವೇ.)

ಸರ್ಕಾರ ಸುಮ್ಮನಿರಲಿಲ್ಲ. 1969ರಲ್ಲಿ ಬಾಂಬೆ ಹೈಕೋರ್ಟಿನ ಆದೇಶದ ಮೂಲಕ ಬೆನೆಟ್ ಕೋಲ್ಮನ್ನಿನ ಆಡಳಿತ ಮಂಡಳಿಯಲ್ಲಿ ಹೊರಗಿನವರು ಬಂದು ಕೂತರು. ಜೈನ್ ಕುಟುಂಬದ ಹಿಡಿತ ತಪ್ಪಿತು. ಆಮೇಲೆ 1972ರಲ್ಲಿ ನ್ಯೂಸ್‌ಪ್ರಿಂಟ್ ನೀತಿ ಬಂತು. ಆಗ ಪೇಪರ್ ಮುದ್ರಿಸುವ ಕಾಗದ ಬಹುಪಾಲು ಹೊರದೇಶದಿಂದ ಬರಬೇಕಿತ್ತು. ನಮ್ಮಲ್ಲಿದ್ದದ್ದು ಮಧ್ಯಪ್ರದೇಶದ ನೇಪಾನಗರದ ಕಾರ್ಖಾನೆ. ಭದ್ರಾವತಿಯ ಎಂಪಿಎಂ ನ್ಯೂಸ್‌ಪ್ರಿಂಟ್ ತಯಾರಿಸಿದ್ದು ಇದಾಗಿ ಎಷ್ಟೋ ವರ್ಷದ ಮೇಲೆ. ಕಾಗದ ಹಂಚುವ ಕೈ ಸರ್ಕಾರದ್ದೇ ಆದ್ದರಿಂದ ಅದು ಹೇಳಿತು: ಯಾವ ಪೇಪರೂ 10 ಪುಟ ದಾಟುವ ಹಾಗಿಲ್ಲ, ಒಂದೇ ಮಾಲೀಕತ್ವದವರು ಹೊಸ ಪೇಪರ್ ತೆಗೆಯುವ ಹಾಗಿಲ್ಲ, ಒಂದು ಆವೃತ್ತಿಯ ಕಾಗದವನ್ನು ಇನ್ನೊಂದಕ್ಕೆ ಬಳಸುವ ಹಾಗಿಲ್ಲ. ಈ ಸಲ ಕೋರ್ಟಿಗೆ ಹೋದದ್ದು ಬೆನೆಟ್ ಕೋಲ್ಮನ್ ಮತ್ತು ಬೇರೆ ದೊಡ್ಡ ಪೇಪರುಗಳು. ಅರ್ಜಿದಾರರಲ್ಲಿ ಸಂಪಾದಕರೂ ಇದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ನಾಲ್ಕು ನ್ಯಾಯಮೂರ್ತಿಗಳು ಪೇಪರಿನ ಪರ, ಒಬ್ಬರು ವಿರುದ್ಧ. ನೀತಿ ರದ್ದಾಯಿತು.

ಆ ಒಬ್ಬರ ಬಗ್ಗೆ ನನಗೆ ಕುತೂಹಲ ಜಾಸ್ತಿ. ಕೇರಳದ ಕೆ.ಕೆ. ಮ್ಯಾಥ್ಯೂ. ಅವರ ವಾದವನ್ನು ನನ್ನ ಮಾತಲ್ಲಿ ಹೇಳೋದಾದರೆ ಹೀಗೆ. ವಾಕ್‌ಸ್ವಾತಂತ್ರ್ಯ ಅಂದರೆ ಮಾತಾಡುವವನದ್ದು ಮಾತ್ರ ಅಲ್ಲ, ಕೇಳಿಸಿಕೊಳ್ಳುವವನದ್ದೂ ಹೌದು. ಜನಕ್ಕೆ ಬೇರೆ ಬೇರೆ ದನಿ ಕೇಳಿಸಬೇಕು. ಮಾತಾಡುವ ಸಾಧನವೇ ನಾಲ್ಕು ಜನರ ಸ್ವತ್ತಾಗಿಬಿಟ್ಟರೆ ಉಳಿದವರಿಗೆ ಸಂವಿಧಾನ ಕೊಟ್ಟ ಸ್ವಾತಂತ್ರ್ಯ ಕಾಗದದ ಮೇಲಷ್ಟೇ ಉಳಿಯುತ್ತೆ. ಸರ್ಕಾರ ಮಾತ್ರವೇ ಬಾಯಿ ಕಟ್ಟುತ್ತೆ ಅಂದುಕೊಂಡಿದ್ದೀವಿ, ಮಾರುಕಟ್ಟೆಗೂ ಆ ತಾಕತ್ತಿದೆ. ನಾಲ್ಕಕ್ಕೆ ಒಂದರ ಲೆಕ್ಕದಲ್ಲಿ ಈ ಮಾತು ಸೋತಿತು. ಸೋತದ್ದು ಒಳ್ಳೇದೇ ಆಯಿತೇನೋ. ಯಾಕೆಂದರೆ ಮೂರೇ ವರ್ಷದಲ್ಲಿ ಎಮರ್ಜೆನ್ಸಿ ಬಂತು, ಆಗ ಪುಟದ ಮೇಲಿನ ಅಧಿಕಾರವೂ ಸರ್ಕಾರದ ಕೈಲಿದ್ದಿದ್ದರೆ ಏನಾಗುತ್ತಿತ್ತೋ. ಆದರೆ ಮ್ಯಾಥ್ಯೂ ಕೇಳಿದ ಪ್ರಶ್ನೆಗೆ ಉತ್ತರ ಆ ತೀರ್ಪಿನಲ್ಲಿ ನನಗೆ ಸಿಗಲಿಲ್ಲ.

ಎಮರ್ಜೆನ್ಸಿಯ ನಡುವೆಯೇ, 1976ರಲ್ಲಿ, ಬೆನೆಟ್ ಕೋಲ್ಮನ್ ಮತ್ತೆ ಜೈನ್ ಕುಟುಂಬಕ್ಕೆ, ಶಾಂತಿಪ್ರಸಾದರ ಮಗ ಅಶೋಕ್ ಜೈನರಿಗೆ ಮರಳಿತು. ಆಮೇಲೆ ಎರಡನೇ ಪತ್ರಿಕಾ ಆಯೋಗ ಕೂತಾಗ, 1980ರಿಂದ ಅದರ ಅಧ್ಯಕ್ಷರು ಯಾರು ಗೊತ್ತಾ? ಅದೇ ಮ್ಯಾಥ್ಯೂ! 1982ರ ವರದಿ ಹೇಳಿದ್ದು: ಪೇಪರ್ ನಡೆಸುವವರಿಗೆ ಬೇರೆ ಉದ್ದಿಮೆಗಳ ನಂಟು ಇರಕೂಡದು, ಪುಟ ಮತ್ತು ಬೆಲೆಯ ನಂಟು ಮತ್ತೆ ಬರಲಿ. ವರದಿ ಬಂದಷ್ಟೇ ಬಂತು.

ಇಲ್ಲಿಂದ ಮುಂದಿನ ಕಥೆ ನಾವು ಕಣ್ಣಾರೆ ಕಂಡದ್ದು.

ಅಶೋಕ್ ಜೈನರ ಮಗ ಸಮೀರ್ ಜೈನ್ 1980ರ ದಶಕದಲ್ಲಿ ಕಾರುಬಾರಿಗೆ ಬಂದರು, ಹಿಂದೆಯೇ ತಮ್ಮ ವಿನೀತ್. ಅಜ್ಜನ ಕಾಲದ ಗಾಂಭೀರ್ಯದ ಪತ್ರಿಕೆಗಳು ಒಂದೊಂದಾಗಿ ಮುಚ್ಚಿದವು. ಇಲ್‌ಸ್ಟ್ರೇಟೆಡ್ ವೀಕ್ಲಿ 1993ರಲ್ಲಿ ನಿಂತಿತು. 1994ರಲ್ಲಿ ದೆಹಲಿಯಲ್ಲಿ ಟೈಮ್ಸ್ ಬೆಲೆಯನ್ನು ಒಂದೂವರೆ ರೂಪಾಯಿಗೆ ಇಳಿಸಿದರು, 'ಆಹ್ವಾನ ಬೆಲೆ' ಅಂತ ಹೆಸರಿಟ್ಟು. ಅಲ್ಲಿ ಮೊದಲಿದ್ದ ಹಿಂದೂಸ್ತಾನ್ ಟೈಮ್ಸ್ ತತ್ತರಿಸಿತು. ಅದೇ ಪಾಠ ಬೆಂಗಳೂರಿಗೂ ಬಂತು. ನಮ್ಮ ಮನೆಗಳ ಕಾಯಂ ಅತಿಥಿಯಾಗಿದ್ದ ಡೆಕ್ಕನ್ ಹೆರಾಲ್ಡ್ ಹಿಂದೆ ಬಿತ್ತು. ರಾಜಾಧ್ಯಕ್ಷ ಆಯೋಗ 1954ರಲ್ಲಿ ಹೆದರಿದ್ದು ಇದಕ್ಕೇ. ತಿಂಗಳ ಕೊನೆಗೆ ರದ್ದಿಗೆ ಹಾಕಿದರೆ ಪೇಪರಿನ ಬಿಲ್ಲಿನಲ್ಲಿ ಒಂದು ಪಾಲು ವಾಪಸ್ ಬರುತ್ತೆ ಅಂತ ಮನೆ ಮನೆಯಲ್ಲೂ ಖುಷಿ, ನಮ್ಮಲ್ಲೂ.

ಓದುಗ ಕೊಡೋದು ಪುಡಿಗಾಸು ಅಂದಮೇಲೆ ಪೇಪರು ಯಾರ ಮಾತು ಕೇಳಬೇಕು? 2003ರಲ್ಲಿ 'ಮೀಡಿಯಾನೆಟ್' ಬಂತು. ಪುರವಣಿಯಲ್ಲಿ ನಿಮ್ಮ ಸುದ್ದಿ ಬರಬೇಕಾ, ದುಡ್ಡು ಕೊಡಿ. 2005ರಲ್ಲಿ 'ಪ್ರೈವೇಟ್ ಟ್ರೀಟಿ' ಬಂತು. ದುಡ್ಡಿಲ್ಲವಾ, ನಿಮ್ಮ ಕಂಪನಿಯ ಷೇರು ಕೊಡಿ, ನಾವು ಜಾಹೀರಾತಿಗೆ ಜಾಗ ಕೊಡ್ತೀವಿ. ಯಾವ ಕಂಪನಿಯ ಷೇರು ಪೇಪರಿನವರ ಹತ್ತಿರ ಇದೆಯೋ ಅದೇ ಕಂಪನಿಯ ಸುದ್ದಿ ಅದೇ ಪೇಪರಿನಲ್ಲಿ ಬರುತ್ತೆ. ಹಾಗೆ ಬರೆಯುವಾಗ ಪಾಲು ಇರೋದನ್ನು ಹೇಳಲೇಬೇಕು ಅಂತ ಸೆಬಿಯ ಒತ್ತಾಯದ ಮೇಲೆ ಪತ್ರಿಕಾ ಮಂಡಳಿ ನಿಯಮ ಮಾಡಿದ್ದು 2010ರಲ್ಲಿ. 2012ರಲ್ಲಿ ನ್ಯೂಯಾರ್ಕರ್ ಪತ್ರಿಕೆಗೆ ಮಾತಾಡುತ್ತಾ ವಿನೀತ್ ಜೈನ್ ಮುಚ್ಚುಮರೆಯಿಲ್ಲದೆ ಹೇಳಿದರು, ತಾವಿರೋದು ಪೇಪರಿನ ವ್ಯವಹಾರದಲ್ಲಲ್ಲ, ಜಾಹೀರಾತಿನ ವ್ಯವಹಾರದಲ್ಲಿ ಅಂತ. ಪ್ರಾಮಾಣಿಕ ಮಾತು, ಅದನ್ನು ಮೆಚ್ಚಬೇಕು. ನಮ್ಮಲ್ಲಿ ಲಂಕೇಶ್ 1980ರಲ್ಲಿ ಜಾಹೀರಾತೇ ಬೇಡ ಅಂತ ಪತ್ರಿಕೆ ಶುರು ಮಾಡಿದರಲ್ಲ, ಅವರೂ ಈ ಸತ್ಯವನ್ನೇ ಇನ್ನೊಂದು ಕಡೆಯಿಂದ ಕಂಡಿದ್ದರು. ಅಲ್ಲಿ ಪೂರ್ತಿ ಖರ್ಚು ಓದುಗನದ್ದೇ.

ಇನ್ನು ನಮ್ಮ ಲಾರಿಗಳು. ವಿಆರ್‌ಎಲ್‌ನ ವಿಜಯ ಸಂಕೇಶ್ವರ 1999ರಲ್ಲಿ 'ವಿಜಯ ಕರ್ನಾಟಕ' ಶುರು ಮಾಡಿದಾಗ ಕನ್ನಡದ ಪೇಪರುಗಳೆಲ್ಲ ಹಳೇ ಮನೆಗಳವು. ಪ್ರಜಾವಾಣಿ ಗುರುಸ್ವಾಮಿ ಕುಟುಂಬದ್ದು, ಕನ್ನಡಪ್ರಭ ಆಗ ಎಕ್ಸ್‌ಪ್ರೆಸ್ ಬಳಗದ್ದು, ಉದಯವಾಣಿ ಮಣಿಪಾಲದ ಪೈಗಳದ್ದು, ಸಂಯುಕ್ತ ಕರ್ನಾಟಕ ಲೋಕಶಿಕ್ಷಣ ಟ್ರಸ್ಟಿನದ್ದು. ಸಂಕೇಶ್ವರರು ಮಾಡಿದ್ದೇನು? ಅಗ್ಗದ ಬೆಲೆ, ಊರೂರಿಗೆ ಮುದ್ರಣ, ಬೆಳಗಾಗುವುದರೊಳಗೆ ತಲುಪಿಸೋಕೆ ಸ್ವಂತ ಗಾಡಿಗಳು. ಕೆಲವೇ ವರ್ಷದಲ್ಲಿ ಕನ್ನಡದ ನಂಬರ್ ಒನ್. ಇದನ್ನು ನೋಡಿದಾಗ ನನಗೆ ಆ 1956ರ ಕಾಯ್ದೆಯ ಇನ್ನೊಂದು ಮುಖ ಹೊಳೆಯಿತು. ಅದು ಉಳಿದಿದ್ದರೆ ವಿಜಯ ಕರ್ನಾಟಕ ಈ ರೀತಿ ಬೆಳೆಯುತ್ತಲೇ ಇರಲಿಲ್ಲ! ಹಳೇ ಮನೆಗಳು ಬೆಚ್ಚಗೆ ಮಲಗಿರುತ್ತಿದ್ದವು. ಬೆಲೆಯ ಕತ್ತಿಗೆ ಎರಡೂ ಕಡೆ ಅಲಗು. ಸಣ್ಣವನನ್ನು ಕೊಲ್ಲುತ್ತೆ, ಹೊಸಬನನ್ನು ಒಳಗೂ ಬಿಡುತ್ತೆ. ಆದರೆ ಆ ಕತ್ತಿ ಎತ್ತೋಕೆ ಹಿಂದೆ ಬೇರೆ ಯಾವುದಾದರೂ ವ್ಯವಹಾರದ ಬಲ ಇರಬೇಕು, ಸಕ್ಕರೆಯೋ ಸಿಮೆಂಟೋ ಲಾರಿಯೋ.

2006ರಲ್ಲಿ ಆ ಪೇಪರನ್ನು ಕೊಂಡವರು ಬೆನೆಟ್ ಕೋಲ್ಮನ್. ಜೊತೆಗಿದ್ದ ಇಂಗ್ಲಿಷಿನ 'ವಿಜಯ್ ಟೈಮ್ಸ್' ಜಾಗದಲ್ಲಿ ಬೆಂಗಳೂರು ಮಿರರ್ ಬಂತು. 'ಉಷಾಕಿರಣ' ಹೋಗಿ ಕನ್ನಡದಲ್ಲೇ ಟೈಮ್ಸ್ ಆಫ್ ಇಂಡಿಯಾ ಬಂತು. ಅದು 2010ರಲ್ಲಿ ಮುಚ್ಚಿತು. ಹೀಗೆ 2010ರ ಹೊತ್ತಿಗೆ ಬೆಂಗಳೂರಿನ ಒಬ್ಬ ಮನುಷ್ಯ ಬೆಳಿಗ್ಗೆ ವಿಜಯ ಕರ್ನಾಟಕ ಓದಿ, ಮಗಳ ಕೈಲಿ ಟೈಮ್ಸ್ ಕೊಟ್ಟು, ಆಟೋದಲ್ಲಿ ರೇಡಿಯೋ ಮಿರ್ಚಿ ಕೇಳಿ, ರಾತ್ರಿ ಟೈಮ್ಸ್ ನೌನಲ್ಲಿ ಜಗಳ ನೋಡಿ ಮಲಗಿದರೆ ಅವನ ಇಡೀ ದಿನ ಒಂದೇ ಮನೆಯದು. ಸಂಕೇಶ್ವರರು 2012ರಲ್ಲಿ 'ವಿಜಯವಾಣಿ' ತಂದು ವಾಪಸ್ ಬಂದದ್ದು ಬೇರೆ ಮಾತು.

ಒಂದು ಮನೆಯ ಕೈಲಿ ಪೇಪರು, ಟೀವಿ, ರೇಡಿಯೋ ಎಲ್ಲ ಇರಬಹುದಾ ಅನ್ನೋ ಪ್ರಶ್ನೆಗೆ ಅಮೆರಿಕದಲ್ಲಿ 1975ರಲ್ಲೇ ನಿಯಮ ಇತ್ತು. ಒಂದೇ ಊರಿನಲ್ಲಿ ಪೇಪರೂ ಟೀವಿ ಸ್ಟೇಷನ್ನೂ ಒಬ್ಬರದ್ದೇ ಇರಕೂಡದು ಅಂತ (2017ರಲ್ಲಿ ಕಿತ್ತುಹಾಕಿದರು). ನಮ್ಮಲ್ಲಿ ಟ್ರಾಯ್ 2009ರಲ್ಲಿ ಶಿಫಾರಸು ಮಾಡಿತು, 2014ರಲ್ಲಿ ಇನ್ನೂ ವಿವರವಾಗಿ ಮಾಡಿತು, 2022ರಲ್ಲಿ ಮತ್ತೊಮ್ಮೆ ಎಲ್ಲರ ಅಭಿಪ್ರಾಯ ಕೇಳಿತು. ಇಷ್ಟಾದರೂ ಇದರಿಂದ ಒಂದು ಕಾಯ್ದೆ ಹುಟ್ಟಿಲ್ಲ. ಅಷ್ಟರಲ್ಲಿ ಆಟಗಾರರೇ ಬದಲಾದರು. ರಾಮೋಜಿರಾಯರ ಈಟೀವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಗಿ ಅಂಬಾನಿ ಬಳಗದ ಚಾನೆಲ್ಲಾಯಿತು. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಕಂಪನಿಗಳು ಸೇರಿದಾಗ ಅದೂ ಸ್ಟಾರ್ ಸುವರ್ಣವೂ ಒಂದೇ ಸೂರಿನ ಕೆಳಗೆ ಬಂದವು. ಎರಡು ಚಾನೆಲ್ಲಿನ ಧಾರಾವಾಹಿ ಅತ್ತೆಯರು ಒಂದೇ ಸಂಬಳದ ಪಟ್ಟಿಯಲ್ಲಿ! ಕನ್ನಡದ ಟೀವಿಯಲ್ಲಿ ಇಷ್ಟು ದೊಡ್ಡ ಬದಲಾವಣೆ ಆಯಿತು, ನಮ್ಮ ಯಾವ ಸಾಹಿತ್ಯ ಸಮ್ಮೇಳನದಲ್ಲೂ ಇದರ ಬಗ್ಗೆ ನಿರ್ಣಯ ಆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಜೈನ್ ಮನೆಯಲ್ಲಿ 2023ರಲ್ಲಿ ಅಣ್ಣತಮ್ಮಂದಿರ ಹಿಸ್ಸೆ ಆಯಿತು ಅಂತ ವರದಿಯಾಯಿತು. ಪೇಪರು ಅಣ್ಣನಿಗೆ, ಟೀವಿ ರೇಡಿಯೋ ತಮ್ಮನಿಗೆ. ಆಯೋಗಗಳು, ಕಾಯ್ದೆಗಳು, ಟ್ರಾಯ್ ಎಲ್ಲ ಸೇರಿ ಮಾಡಲಾಗದ್ದನ್ನು ಹಿಸ್ಸೆ ಮಾಡಿತು ಅಂತ ನಗಬಹುದು. ನಮ್ಮ ಹಳ್ಳಿಗಳಲ್ಲಿ ದೊಡ್ಡ ಹಿಡುವಳಿ ಒಡೆಯೋದೂ ಹೀಗೇ ತಾನೇ.

ರಾಜಾಧ್ಯಕ್ಷ ಆಯೋಗದ ಕೆಲಸದಿಂದ ಉಳಿದುಬಂದ ಒಂದು ಸಣ್ಣ ವಸ್ತು ಇದೆ, ನೀವು ನೋಡಿರುತ್ತೀರಿ. 1956ರ ನಿಯಮದಂತೆ ಪ್ರತಿ ವರ್ಷ ಮಾರ್ಚ್ ಮೊದಲಲ್ಲಿ ಪೇಪರಿನ ಮೂಲೆಯಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, 'ನಮೂನೆ 4' ಅಂತ ಬರುತ್ತಿತ್ತು. ಮುದ್ರಕ, ಪ್ರಕಾಶಕ, ಸಂಪಾದಕ, ಆಮೇಲೆ ಶೇಕಡ ಒಂದಕ್ಕಿಂತ ಹೆಚ್ಚು ಪಾಲು ಇರುವವರ ಹೆಸರು. 1867ರ ಹಳೇ ಪತ್ರಿಕಾ ಕಾಯ್ದೆ ಹೋಗಿ 2024ರ ಮಾರ್ಚ್ 1ರಿಂದ ಹೊಸದು ಬಂದಿದೆ. ಮನೆಯಲ್ಲಿ ಹಳೇ ಪೇಪರ್ ಇದ್ದರೆ ರದ್ದಿಗೆ ಹಾಕುವ ಮೊದಲು ಒಂದು ಮಾರ್ಚ್ ತಿಂಗಳಿನದನ್ನು ತೆಗೆದು ನೋಡಿ. ಬೆನೆಟ್ ಕೋಲ್ಮನ್ನಿನ ಪಾಲುದಾರರ ಪಟ್ಟಿಯಲ್ಲಿ ಮನುಷ್ಯರಿಗಿಂತ ಕಂಪನಿಗಳ ಹೆಸರೇ ಕಣ್ಣಿಗೆ ಬೀಳುತ್ತವೆ. ಅದರಲ್ಲಿ ಒಂದು 'ಭಾರತ್ ನಿಧಿ'. 1942ರಲ್ಲಿ ಅದು ಹುಟ್ಟಿದಾಗ ಹೆಸರು ಭಾರತ್ ಬ್ಯಾಂಕ್ ಅಂತ ಇತ್ತು. ದಾಲ್ಮಿಯಾ ಅವರ ಬ್ಯಾಂಕ್.